ಕಟ್ಟೆಯ ಲೆಕ್ಕ, ದಂಡೆಯ ಲೆಕ್ಕ



ಯೋಜನಾ ನಿರ್ವಹಣೆಯಲ್ಲಿ ಗುಣಮಟ್ಟವನ್ನೂ ಅಪಾಯವನ್ನೂ ನಿಭಾಯಿಸುವುದು ಹೇಗೆ ಎಂಬುದು ಈ ವರ್ಷದ ಉಪನ್ಯಾಸಕ್ಕೆ ಗೊತ್ತುಮಾಡಿರುವ ವಿಷಯ. ಎಂಜಿನಿಯರಿಂಗ್ ಮತ್ತು ಎಂ.ಬಿ.ಎ. ತರಗತಿಗಳಲ್ಲಿ ಇದಕ್ಕೆ ಪಠ್ಯವಿದೆ, ಪರೀಕ್ಷೆಯಿದೆ. ಸಂಭವ ಎಷ್ಟು, ಪರಿಣಾಮ ಎಷ್ಟು ಎಂದು ಗುಣಿಸಿ ಕೆಂಪು, ಹಳದಿ, ಹಸಿರು ಮನೆಗಳಲ್ಲಿ ತುಂಬುವ ಕೋಷ್ಟಕಗಳಿವೆ. ಅವು ಬೇಕಾದವೇ. ಆದರೆ ನಾವು ನಿಂತಿರುವ ಮಂಡ್ಯ ಜಿಲ್ಲೆಯ ನೆಲದಲ್ಲಿ ಈ ವಿಷಯಕ್ಕೆ ನೂರು ವರ್ಷ ದಾಟಿದ ಚರಿತ್ರೆಯಿದೆ. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ಹೇಮಾವತಿ ನಾಲೆ ಎಲ್ಲವೂ ಕಾಮಗಾರಿಗಳೇ. ಅವುಗಳ ಗುಣಮಟ್ಟ ನಮ್ಮ ಗದ್ದೆಗಳಲ್ಲಿ ಕಾಣುತ್ತದೆ, ಅವುಗಳ ಅಪಾಯ ನಮ್ಮ ಮನೆಗಳಿಗೆ ಬಂದಿದೆ.

ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ಕಾಮಗಾರಿ ಮುಗಿದ ದಿನ ಅದರ ಅಪಾಯ ಮುಗಿಯುವುದಿಲ್ಲ, ಕೈ ಬದಲಾಯಿಸುತ್ತದೆ. ಅಲ್ಲಿಯತನಕ ಎಂಜಿನಿಯರ್ ಮತ್ತು ಗುತ್ತಿಗೆದಾರರ ತಲೆನೋವಾಗಿದ್ದದ್ದು ಅಂದಿನಿಂದ ಅಲ್ಲಿ ಬದುಕುವವರ ಪಾಲಾಗುತ್ತದೆ. ಕಾಮಗಾರಿಯ ಅಳತೆ ಪುಸ್ತಕದಲ್ಲಿ ಪ್ರತಿ ಘನ ಮೀಟರಿನ ಲೆಕ್ಕವಿರುತ್ತದೆ. ಈ ಕೈ ಬದಲಾವಣೆಯ ಲೆಕ್ಕ ಮಾತ್ರ ಎಲ್ಲಿಯೂ ಇರುವುದಿಲ್ಲ.

ಕನ್ನಂಬಾಡಿಯಿಂದ ಆರಂಭಿಸುತ್ತೇನೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳಿಗೆ ನೀರು ಸಾಲದು. ನೀರನ್ನು ಹಿಡಿದಿಡುವ ಜಲಾಶಯ ಬೇಕೇ ಬೇಕಾಗಿತ್ತು. 1909ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದ ಮೇಲೆ ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಹಾಕುವ ಯೋಜನೆ ವೇಗ ಪಡೆಯಿತು. ಮೈಸೂರು ಕೇಳಿದ್ದು 41.5 ಟಿಎಂಸಿ ಸಂಗ್ರಹ. ಮದ್ರಾಸು ಒಪ್ಪಲಿಲ್ಲ, ಅದಕ್ಕೆ ಮೆಟ್ಟೂರಿನಲ್ಲಿ ತನ್ನದೇ ಜಲಾಶಯದ ಆಲೋಚನೆಯಿತ್ತು. ಭಾರತ ಸರ್ಕಾರ ಮೊದಲ ಹಂತಕ್ಕೆ 11 ಟಿಎಂಸಿಗಷ್ಟೇ ಅನುಮತಿ ಕೊಟ್ಟಿತು. 1911ರಲ್ಲಿ ಕೆಲಸ ಶುರುವಾಯಿತು.

ಮೈಸೂರಿನವರು ಇಲ್ಲಿ ಒಂದು ದೊಡ್ಡ ನಿರ್ಧಾರ ಮಾಡಿದರು. ಅನುಮತಿ ಸಿಕ್ಕಿದ್ದು ಚಿಕ್ಕ ಕಟ್ಟೆಗೆ, ಅಡಿಪಾಯ ಹಾಕಿದ್ದು ದೊಡ್ಡ ಕಟ್ಟೆಯ ಅಗಲಕ್ಕೆ. ಮದ್ರಾಸು ತಕರಾರು ತೆಗೆಯಿತು. ನ್ಯಾಯಮೂರ್ತಿ ಗ್ರಿಫಿನ್ ಅವರ ಪಂಚಾಯ್ತಿ ನಡೆದು 1914ರಲ್ಲಿ ತೀರ್ಪು ಬಂತು, ಮದ್ರಾಸು ಮೇಲ್ಮನವಿ ಹೋಯಿತು. ಕೊನೆಗೆ 1924ರ ಫೆಬ್ರವರಿ 18ರಂದು ಒಪ್ಪಂದವಾಗಿ 124 ಅಡಿ ನೀರು ನಿಲ್ಲಿಸಲು ಹಾದಿ ತೆರೆಯಿತು. ಅಂದರೆ ಹದಿಮೂರು ವರ್ಷ ಆ ಅಗಲದ ಅಡಿಪಾಯ ಅನಿಶ್ಚಿತ ಅನುಮತಿಯ ಮೇಲೆ ಕುಳಿತಿತ್ತು. ತೀರ್ಮಾನ ವಿರುದ್ಧವಾಗಿದ್ದರೆ ಅಷ್ಟು ಕಲ್ಲು, ಗಾರೆ, ಕೂಲಿ ನದಿಯ ತಳದಲ್ಲಿ ಉಳಿದುಬಿಡುತ್ತಿತ್ತು.

ಇದು ದುಡುಕು ಎನ್ನುವವರು ಅಂದೂ ಇದ್ದರು. ನನ್ನ ಅಭಿಪ್ರಾಯ ಬೇರೆ. ಕಟ್ಟೆಯನ್ನು ಮೇಲಕ್ಕೆ ಏರಿಸುವುದು ಮುಂದೆಯೂ ಸಾಧ್ಯ, ನೀರು ನಿಂತ ಮೇಲೆ ಬುಡವನ್ನು ಅಗಲ ಮಾಡುವುದು ಬಲು ಕಷ್ಟ. ಯಾವ ತಪ್ಪನ್ನು ಆಮೇಲೆ ತಿದ್ದಬಹುದು, ಯಾವುದನ್ನು ತಿದ್ದಲು ಆಗದು ಎಂದು ವಿಂಗಡಿಸುವುದೇ ಅಪಾಯ ನಿರ್ವಹಣೆಯ ಮೊದಲ ಕೆಲಸ. ಆ ವಿಂಗಡಣೆಯನ್ನು ಅವರು ಸರಿಯಾಗಿ ಮಾಡಿದರು. ಹಣದ ಅಪಾಯ ಯಾರದು ಎಂಬುದೂ ಸ್ಪಷ್ಟವಿತ್ತು: ಮೈಸೂರು ಸರ್ಕಾರದ ಬೊಕ್ಕಸದ್ದು. ಆದರೆ ಇನ್ನೊಂದು ಪುಟವೂ ಇದೆ. ಹಳೆಯ ಕನ್ನಂಬಾಡಿ ಊರು, ಅದರ ಜೊತೆ ಸುತ್ತಲ ಹಳ್ಳಿಗಳು, ವೇಣುಗೋಪಾಲಸ್ವಾಮಿಯ ಗುಡಿ, ಗದ್ದೆ ಹೊಲಗಳು ಹಿನ್ನೀರಿನೊಳಗೆ ಹೋದವು. ಗುಡಿಯ ಕಲ್ಲುಗಳನ್ನು ಎಷ್ಟೋ ದಶಕಗಳ ನಂತರ ಎತ್ತಿ ತಂದು ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಒಕ್ಕಲೆದ್ದ ಮನೆಗಳನ್ನು ಹಾಗೆ ಮತ್ತೆ ಕಟ್ಟಲು ಆಗಲಿಲ್ಲ. ಬೊಕ್ಕಸದ ಅಪಾಯ ಕಾಗದದ ಮೇಲಿತ್ತು. ಊರು ಬಿಟ್ಟವರ ನಷ್ಟವನ್ನು ಅದೇ ಎಚ್ಚರಿಕೆಯಿಂದ ಯಾರೂ ತೂಗಲಿಲ್ಲ.

ಇನ್ನು ಗುಣಮಟ್ಟ. ಕನ್ನಂಬಾಡಿ ಕಟ್ಟೆ ಕಲ್ಲು ಮತ್ತು ಸುರ್ಕಿ ಗಾರೆಯದು. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಂದಿಗೆ ಅರೆದ ಗಾರೆ ಅದು. ಆ ಕಾಲಕ್ಕೆ ಸಿಮೆಂಟು ಹಡಗಿನಲ್ಲಿ ಬರುವ ದುಬಾರಿ ಸರಕು. ಸುರ್ಕಿಯ ಗುಣ ಕುಲುಮೆಯಲ್ಲಿ ನಿರ್ಧಾರವಾಗುತ್ತದೆ. ಇಟ್ಟಿಗೆ ಅತಿಯಾಗಿ ಬೆಂದು ಗಾಜಿನಂತೆ ಗಟ್ಟಿಯಾದರೆ ಅದರ ಪುಡಿ ಸುಣ್ಣದೊಡನೆ ಸರಿಯಾಗಿ ಕೂಡುವುದಿಲ್ಲ, ಬೇಯದೆ ಹಸಿಯಾಗಿ ಉಳಿದರೆ ಮಣ್ಣಾಗಿಬಿಡುತ್ತದೆ. ಪುಡಿ ಎಷ್ಟು ನಯ, ಸುಣ್ಣ ಎಷ್ಟು ಹೊತ್ತು ಅರಳಿದೆ, ನೀರು ಎಷ್ಟು ಬಿದ್ದಿದೆ, ಎಷ್ಟು ಹೊತ್ತು ಅರೆದಿದ್ದಾರೆ ಎಂಬ ಪ್ರತಿಯೊಂದೂ ಲೆಕ್ಕಕ್ಕೆ ಬರುತ್ತದೆ. ಸುರ್ಕಿ ನಿಧಾನವಾಗಿ ಗಟ್ಟಿಯಾಗುತ್ತದೆ, ತಿಂಗಳುಗಟ್ಟಲೆ ಬಲ ಕೂಡಿಸಿಕೊಳ್ಳುತ್ತದೆ. ಅವಸರ ಮಾಡುವವರಿಗೆ ಅದು ಒಗ್ಗುವುದಿಲ್ಲ. ಆ ನಿಧಾನದಲ್ಲೊಂದು ಲಾಭವಿದೆ: ಗಟ್ಟಿಯಾಗುವಾಗ ಶಾಖ ಕಡಿಮೆ ಹುಟ್ಟುವುದರಿಂದ ದಪ್ಪ ಗೋಡೆಯಲ್ಲಿ ಬಿರುಕು ಕಡಿಮೆ.

ಒಂದು ವರಸೆ ಕಲ್ಲಿನ ಮೇಲೆ ಇನ್ನೊಂದು ವರಸೆ ಕೂತ ಮೇಲೆ ಒಳಗಿನ ಗಾರೆಯನ್ನು ಯಾವ ಇನ್ಸ್‌ಪೆಕ್ಟರೂ ನೋಡಲಾರ. ಆದ್ದರಿಂದ ಕೊನೆಗೆ ತಪಾಸಣೆ ಮಾಡಿ ಗುಣಮಟ್ಟ ತರುತ್ತೇನೆ ಎನ್ನುವ ಮಾತು ಅಣೆಕಟ್ಟಿಗೆ ಹೊಂದುವುದೇ ಇಲ್ಲ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ತನ್ನ ಮೇಲಧಿಕಾರಿಗೆ ಬರೆದ ಒಂದು ಸಣ್ಣ ಟಿಪ್ಪಣಿಯಲ್ಲಿ ನಿಯಂತ್ರಣ ನಕ್ಷೆ ಎಂಬುದನ್ನು ಸೂಚಿಸಿದ. ಕೆಟ್ಟ ಸರಕನ್ನು ಕೊನೆಯಲ್ಲಿ ಹೆಕ್ಕಿ ಎಸೆಯುವ ಬದಲು ತಯಾರಿಯ ನಡಿಗೆ ದಾರಿ ತಪ್ಪುವುದನ್ನು ನಡುವೆಯೇ ಗುರುತಿಸುವ ವಿಧಾನ ಅದು. ಇಂದಿನ ಗುಣಮಟ್ಟ ಶಾಸ್ತ್ರ ಅಲ್ಲಿಂದ ಬೆಳೆಯಿತು. ಕಾವೇರಿ ಒಪ್ಪಂದವಾದದ್ದೂ ಅದೇ ವರ್ಷ. ಇಲ್ಲಿ ಕುಲುಮೆಯ ಮುಂದೆ ನಿಂತು ಇಟ್ಟಿಗೆಯ ಬಣ್ಣ ನೋಡಿ ಬೇಯಿಸುತ್ತಿದ್ದವರಿಗೆ ಆ ನಕ್ಷೆ ಗೊತ್ತಿರಲಿಲ್ಲ, ಅದರ ತಿರುಳು ಗೊತ್ತಿತ್ತು. ಆ ಕೆಲಸಗಾರರ ಹೆಸರುಗಳು ನಮಗೆ ಉಳಿದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಮತ್ತೊಂದು ವಿಷಯವನ್ನು ನಮ್ಮ ಪಠ್ಯಪುಸ್ತಕಗಳು ಬಿಟ್ಟುಬಿಡುತ್ತವೆ. ಮುಂದೆ ಮೈಸೂರಿನ ದಿವಾನರಾದ ವಿಶ್ವೇಶ್ವರಯ್ಯನವರು 1918ರಲ್ಲಿ ಆ ಹುದ್ದೆ ಬಿಟ್ಟರು. ಕಟ್ಟೆಯ ಕೆಲಸ ಆಮೇಲೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ನಡೆಯಿತು. ಕೃಷ್ಣ ಅಯ್ಯಂಗಾರ್, ಕಡಾಂಬಿ, ಜಾನ್ ಭೋರ್ ಮುಂತಾದ ಎಂಜಿನಿಯರರು ಅದನ್ನು ಮುಂದುವರಿಸಿದರು. ನಾಯಕ ಬದಲಾದ ಮೇಲೂ ಗಾರೆಯ ಹದ ಬದಲಾಗದಿದ್ದರೆ ಅಲ್ಲಿ ಗುಣಮಟ್ಟದ ವ್ಯವಸ್ಥೆಯಿದೆ ಎಂದು ಅರ್ಥ. ಒಬ್ಬ ಮಹಾನುಭಾವರ ಮೇಲೆ ಎಲ್ಲ ಹೊಗಳಿಕೆ ಸುರಿದಾಗ ಆ ವ್ಯವಸ್ಥೆಯೇ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ.

1924ರ ಜುಲೈನಲ್ಲಿ ಕಾವೇರಿಗೆ ಮಹಾ ನೆರೆ ಬಂತು. ಒಪ್ಪಂದಕ್ಕೆ ಸಹಿ ಬಿದ್ದು ಐದು ತಿಂಗಳಷ್ಟೇ ಆಗಿತ್ತು, ಕಟ್ಟೆ ಇನ್ನೂ ಕಟ್ಟುತ್ತಿದ್ದ ಹಂತದಲ್ಲಿತ್ತು. ನದಿ ಮನುಷ್ಯರ ಕಾಗದಗಳನ್ನು ಕಾಯುವುದಿಲ್ಲ, ನೆರೆಗೆ ಮೊದಲೇ ದಾರಿ ಬಿಟ್ಟಿರಬೇಕು. ನಮ್ಮ ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಹಳೆಯ ಕೆರೆಗಳನ್ನು ನೋಡಿ: ಏರಿ ಹಾಕುವವರು ಕೋಡಿಯ ಜಾಗವನ್ನೂ ಜೊತೆಯಲ್ಲೇ ಗೊತ್ತುಮಾಡುತ್ತಿದ್ದರು. ಹೆಚ್ಚಾದ ನೀರಿಗೆ ದಾರಿ ಬಿಡದೆ ಕಟ್ಟಿದ ಏರಿ ನಿಲ್ಲುವುದಿಲ್ಲ ಎಂಬುದು ತಲೆಮಾರುಗಳ ತಿಳಿವಳಿಕೆ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಹತ್ತಿರದ ಖಡಕವಾಸ್ಲಾದಲ್ಲಿ ಅಳವಡಿಸಿದ ಸ್ವಯಂಚಾಲಿತ ಗೇಟುಗಳ ಹಿಂದಿನ ವಿಚಾರವೂ ಅದೇ. ನೀರು ಮಟ್ಟ ಮೀರಿದಾಗ ಯಾರೂ ಓಡಿ ಬರದಿದ್ದರೂ ಗೇಟು ತಾನಾಗಿ ತೆರೆದುಕೊಳ್ಳಬೇಕು. ಆ ಬಗೆಯ ಗೇಟುಗಳು ಕನ್ನಂಬಾಡಿಗೂ ಬಂದವು.

ಆದರೆ ಗೇಟಿಗೂ ವಯಸ್ಸಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯ. ಕೆಳಗಿನ ಊರುಗಳಲ್ಲಿ ಆತಂಕ, ರೈತರಿಗೆ ಎರಡನೆಯ ಬೆಳೆಯ ನೀರು ಕಣ್ಣೆದುರೇ ಹರಿದುಹೋಗುವ ಸಂಕಟ. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಹಲಗೆ ಗೇಟು ಇಳಿಸಿದ ಕಾರ್ಮಿಕರ ಧೈರ್ಯವನ್ನು ನಾಡು ಕೊಂಡಾಡಿತು, ಕೊಂಡಾಡಬೇಕಾದದ್ದೇ. ಕನ್ನಂಬಾಡಿಯಲ್ಲಿ ಹಳೆಯ ಗೇಟುಗಳನ್ನು ಅಣೆಕಟ್ಟು ಪುನಶ್ಚೇತನ ಯೋಜನೆಯಡಿ ಇತ್ತೀಚಿನ ವರ್ಷಗಳಲ್ಲಿ ಬದಲಿಸಿದ್ದಾರೆ. ಅದಕ್ಕೆ ಯಾರೂ ಹಾರ ಹಾಕಲಿಲ್ಲ, ಟಿ.ವಿ. ಕ್ಯಾಮೆರಾ ಬರಲಿಲ್ಲ. ಮುರಿಯುವ ಮುಂಚೆ ಬದಲಿಸಿದ ಗೇಟಿಗೆ ಸುದ್ದಿಯಾಗುವ ಯೋಗವಿಲ್ಲ. ಆದರೂ ಇವೆರಡರಲ್ಲಿ ದೊಡ್ಡ ಎಂಜಿನಿಯರಿಂಗ್ ಯಾವುದು ಎಂದು ಕೇಳಿದರೆ ಕನ್ನಂಬಾಡಿಯ ಸದ್ದಿಲ್ಲದ ಕೆಲಸ ಎಂದೇ ಹೇಳುತ್ತೇನೆ.

ಎಚ್ಚರಿಕೆಯ ಕೆಲಸ ಹೇಗಿರುತ್ತದೆ ಎಂದು ನೋಡಬೇಕೆನ್ನುವ ವಿದ್ಯಾರ್ಥಿಗಳು ಶ್ರೀರಂಗಪಟ್ಟಣದ ರೈಲು ನಿಲ್ದಾಣದ ಬಳಿಗೆ ಹೋಗಲಿ. ಅಲ್ಲಿದ್ದ ಟಿಪ್ಪು ಕಾಲದ ಶಸ್ತ್ರಾಗಾರ ಬೆಂಗಳೂರು–ಮೈಸೂರು ಜೋಡಿ ಹಳಿಯ ದಾರಿಗೆ ಅಡ್ಡವಾಗಿತ್ತು. ಕೆಡವಿದರೆ ಇತಿಹಾಸ ಹೋಗುತ್ತದೆ, ಬಿಟ್ಟರೆ ಹಳಿ ನಿಲ್ಲುತ್ತದೆ. 2017ರ ಮಾರ್ಚಿನಲ್ಲಿ ಸುಮಾರು ಒಂದು ಸಾವಿರ ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆಗೆ ಸರಿಸಿದರು. ಅಮೆರಿಕದ ವುಲ್ಫ್ ಸಂಸ್ಥೆ ಮತ್ತು ದೆಹಲಿಯ ಪಿ.ಎಸ್.ಎಲ್. ಸಂಸ್ಥೆ ಕೂಡಿ ಮಾಡಿದ ಕೆಲಸ ಅದು. ಸುತ್ತ ಮಣ್ಣು ತೆಗೆದು, ಬುಡದಲ್ಲಿ ಉಕ್ಕಿನ ತೊಲೆ ತೂರಿಸಿ, ಜಾಕ್‌ಗಳನ್ನು ಒಂದೇ ಸಮನಾಗಿ ಏರಿಸುವ ವಿಧಾನ. ಒಂದು ಮೂಲೆ ಇನ್ನೊಂದಕ್ಕಿಂತ ತುಸು ಹೆಚ್ಚು ಎದ್ದರೂ ಹಳೆಯ ಇಟ್ಟಿಗೆ ಗಾರೆ ಬಿರಿಯುತ್ತದೆ. ಸರಿಸಿದ ಹೊತ್ತಿಗಿಂತ ತಯಾರಿಗೆ ಹಿಡಿದ ಹೊತ್ತೇ ಎಷ್ಟೋ ಪಾಲು ಹೆಚ್ಚು.

ಒಂದು ಹಳೆಯ ಕಟ್ಟಡಕ್ಕೆ ಅಷ್ಟು ಎಚ್ಚರ ವಹಿಸಬಲ್ಲ ನಾಡಿನಲ್ಲಿ ಮುಂದೆ ಹೇಳುವ ಸಂಗತಿ ನಡೆದದ್ದು ಹೇಗೆ ಎಂಬುದು ನನ್ನನ್ನು ಬಿಡದೆ ಕಾಡುತ್ತದೆ.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಮಂಡ್ಯಕ್ಕೆ ಹೊರಟಿದ್ದ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. ಮೂವತ್ತು ಜನ ಸತ್ತರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳು ಅದರಲ್ಲಿದ್ದರು. ನಾಲೆಯ ಅಂಚಿನಲ್ಲಿ ತಡೆಗೋಡೆ ಇರಲಿಲ್ಲ ಎಂಬ ಮಾತು ಅಂದು ಎಲ್ಲರ ಬಾಯಲ್ಲಿತ್ತು. 2023ರ ಜುಲೈನಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಬಳಿ ಕಾರು ನಾಲೆಗೆ ಬಿದ್ದು ನಾಲ್ವರು ಹೆಣ್ಣುಮಕ್ಕಳು ಹೋದರು. ಅದೇ ವರ್ಷದ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟದ ಬಳಿ ಮತ್ತೊಂದು ಕಾರು, ಐದು ಜೀವ.

ಈ ಸಾವುಗಳನ್ನು ಚಾಲಕನ ತಪ್ಪು, ವೇಗ, ಹಳೆಯ ವಾಹನ ಎಂದು ಬರೆದು ಕಡತ ಮುಚ್ಚುವುದು ಸುಲಭ. ಆ ಕಾರಣಗಳೂ ಇರಬಹುದು. ಆದರೆ ಯೋಜನೆಯ ಕಣ್ಣಿನಿಂದ ನೋಡಿ. ಇರ್ವಿನ್ ನಾಲೆ ಎಂಬ ಹೆಸರಿನಲ್ಲಿ ಈ ನಾಲೆ ತೋಡಿದಾಗ ಅದರ ದಂಡೆ ನೀರಾವರಿಯವರು ನಾಲೆ ನೋಡಿಕೊಂಡು ಹೋಗುವ ದಾರಿ. ಹುಲಿಕೆರೆಯಲ್ಲಿ ಗುಡ್ಡ ಕೊರೆದು ಸುಮಾರು ಮೂರು ಕಿಲೋಮೀಟರ್ ಸುರಂಗ ಮಾಡಿದ ಎಂಜಿನಿಯರರು ನೀರಿನ ವಿಷಯದಲ್ಲಿ ಸಾಹಸಿಗಳೂ ಹೌದು, ಜಾಗರೂಕರೂ ಹೌದು. ಅವರ ಕಾಲದಲ್ಲಿ ದಂಡೆಯ ಮೇಲೆ ಬಸ್ಸಿರಲಿಲ್ಲ. ನೀರು ಬಂತು, ಕಬ್ಬು ಬಂತು, ಊರು ಬೆಳೆಯಿತು, ದಂಡೆಯ ದಾರಿಗೆ ಟಾರು ಬಿತ್ತು, ಕಬ್ಬಿನ ಟ್ರ್ಯಾಕ್ಟರು ಬಂತು, ಆಮೇಲೆ ಬಸ್ಸು. ಯೋಜನೆ ಗೆದ್ದದ್ದರಿಂದಲೇ ಈ ಅಪಾಯ ಹುಟ್ಟಿತು. ದಂಡೆ ರಸ್ತೆಯಾದ ಆ ಗಳಿಗೆಯಲ್ಲಿ ಹೊಸದಾಗಿ ಅಪಾಯ ತೂಗಬೇಕಾಗಿತ್ತು. ಅದನ್ನು ಯಾರು ತೂಗಬೇಕು? ನಾಲೆ ನೀರಾವರಿ ನಿಗಮದ್ದು, ರಸ್ತೆ ಒಂದು ಕಡೆ ಲೋಕೋಪಯೋಗಿಯದು, ಇನ್ನೊಂದು ಕಡೆ ಪಂಚಾಯಿತಿಯದು, ಬಸ್ಸಿನ ಯೋಗ್ಯತಾ ಪತ್ರ ಸಾರಿಗೆ ಇಲಾಖೆಯದು. ಪ್ರತಿಯೊಬ್ಬರೂ ತಮ್ಮ ತಮ್ಮ ಭಾಗದ ಗುಣಮಟ್ಟ ಸರಿಯಿದೆ ಎಂದು ಹೇಳಬಹುದು. ನೀರು ಮತ್ತು ರಸ್ತೆ ಕೂಡುವ ಆ ಒಂದು ಗೇಣು ಅಂಚು ಮಾತ್ರ ಯಾರ ಪುಸ್ತಕದಲ್ಲೂ ಇಲ್ಲ.

ಇನ್ನೊಂದು ಮಾತನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ನಾಲೆಯ ಆಧುನೀಕರಣ ಎಂದರೆ ಬಹುಮಟ್ಟಿಗೆ ಕಾಂಕ್ರೀಟ್ ಲೈನಿಂಗ್. ಸೋರಿಕೆ ತಗ್ಗುತ್ತದೆ, ನೀರು ವೇಗವಾಗಿ ಸಾಗುತ್ತದೆ, ಕೊನೆ ಭಾಗಕ್ಕೆ ತಲುಪುವ ಸಾಧ್ಯತೆ ಹೆಚ್ಚುತ್ತದೆ. ಗುಣಮಟ್ಟದ ಅಳತೆಗೋಲಿನಲ್ಲಿ ಇದು ಪ್ರಗತಿ. ಆದರೆ ಮಣ್ಣಿನ ನಾಲೆಗೆ ಬಿದ್ದವನಿಗೆ ಹುಲ್ಲಿನ ಬುಡ, ಬೇರು, ಕೊರಕಲು ಕೈಗೆ ಸಿಗುತ್ತಿತ್ತು. ಲೈನಿಂಗ್ ಆದ ನಾಲೆಯ ಇಳಿಜಾರು ನುಣುಪು, ಪಾಚಿ ಕಟ್ಟಿದರೆ ಜಾರು, ನೀರಿನ ಸೆಳೆತವೂ ಜಾಸ್ತಿ. ಈಜು ಬಲ್ಲವನಿಗೂ ಹತ್ತಿ ಬರುವುದು ಕಷ್ಟ. ಒಂದು ಗುಣ ಹೆಚ್ಚಿಸಿದಾಗ ಇನ್ನೊಂದು ಅಪಾಯ ಹೆಚ್ಚುವುದು ಹೀಗೆ. ಲೈನಿಂಗ್ ಎಸ್ಟಿಮೇಟಿನಲ್ಲೇ ಅಲ್ಲಲ್ಲಿ ಮೆಟ್ಟಿಲು, ಹಿಡಿಯಲು ಸರಪಳಿ, ತಿರುವುಗಳಲ್ಲಿ ತಡೆಗೋಡೆ ಸೇರಿಸಿದ್ದರೆ ಒಟ್ಟು ವೆಚ್ಚದಲ್ಲಿ ಅದು ಸಣ್ಣ ಪಾಲು. ಅಪಘಾತವಾದ ಮೇಲೆ ಆ ಸ್ಥಳದಲ್ಲಿ ಮಾತ್ರ ಗೋಡೆ ಎಬ್ಬಿಸುವ ಪದ್ಧತಿಯನ್ನು ಅಪಾಯ ನಿರ್ವಹಣೆ ಎಂದು ಕರೆಯಲು ನಾನು ಸಿದ್ಧನಿಲ್ಲ. ಸತ್ತವರ ಜಾಗ ನೋಡಿಕೊಂಡು ಗೋಡೆ ಕಟ್ಟಿದರೆ ಮುಂದಿನ ತಿರುವಿನಲ್ಲಿ ಇನ್ನೊಬ್ಬರು ಸಾಯುವ ತನಕ ಕಾಯುತ್ತೇವೆ ಎಂದೇ ಆಯಿತು.

ಕನ್ನಂಬಾಡಿ ಕಟ್ಟೆಯ ಸುತ್ತಲ ಕಲ್ಲುಗಣಿಗಳ ಕಥೆಯೂ ಇದೇ ಬಗೆಯದು, ಚುಟುಕಾಗಿ ಹೇಳುತ್ತೇನೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಸುತ್ತ ನಡೆಯುತ್ತಿದ್ದ ಸ್ಫೋಟಗಳಿಂದ ಕಟ್ಟೆಗೆ ಧಕ್ಕೆ ಇದೆಯೇ ಎಂಬ ಪ್ರಶ್ನೆ ವರ್ಷಗಟ್ಟಲೆ ಎಳೆದಾಡಿತು. ಪರೀಕ್ಷಾರ್ಥ ಸ್ಫೋಟ ಮಾಡಿ ನೋಡೋಣ ಎಂಬ ಪ್ರಸ್ತಾಪ ಬಂದಾಗ ರೈತರು ಎದ್ದು ನಿಂತು ವಿರೋಧಿಸಿದರು. 2024ರ ಜನವರಿಯಲ್ಲಿ ಹೈಕೋರ್ಟು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಡಿ ಅಧ್ಯಯನ ಆಗುವವರೆಗೆ ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಪಾಯ ಇದೆ ಎಂದು ಸಾಬೀತು ಮಾಡುವ ಹೊರೆ ಹಳ್ಳಿಯವರ ಮೇಲಿರಬಾರದು. ಅಪಾಯ ಇಲ್ಲ ಎಂದು ತೋರಿಸುವ ಹೊಣೆ ಸ್ಫೋಟಿಸುವವರದು. ಸುರ್ಕಿಯ ಹಳೆಯ ಕಟ್ಟೆಯ ವಿಷಯದಲ್ಲಿ ಇದರಲ್ಲಿ ರಾಜಿಯೇ ಇಲ್ಲ.

ಹೇಮಾವತಿಯ ಕಡೆ ಬರೋಣ. ಗೊರೂರಿನ ಹೇಮಾವತಿ ಜಲಾಶಯದಿಂದ ಬರುವ ಎಡದಂಡೆ ನಾಲೆಯ ನೀರಿಗೆ ಕೆ.ಆರ್.ಪೇಟೆ, ನಾಗಮಂಗಲಗಳು ಕಣ್ಣಿಟ್ಟು ಕಾಯುತ್ತವೆ. ಕಾಗದದಲ್ಲಿ ಕಾಮಗಾರಿ ಪೂರ್ಣ, ಕೊನೆ ಭಾಗದ ರೈತನ ಗದ್ದೆಯಲ್ಲಿ ಬಿರುಕು. ಗುಣಮಟ್ಟ ಎಂದರೆ ಬಳಸುವವನಿಗೆ ಒದಗುವಂತಿರುವುದು ಎಂದು ಗುಣಮಟ್ಟ ತಜ್ಞ ಜೋಸೆಫ್ ಜೂರಾನ್ ಹೇಳಿದ್ದನ್ನು ನಮ್ಮ ನಾಲೆಗಳಿಗೆ ಅನ್ವಯಿಸಿದರೆ ಬಿಲ್ಲು ಪಾಸು ಮಾಡುವ ಜಾಗವೇ ಬದಲಾಗಬೇಕು. ನಾಲೆಯ ತಲೆಯಲ್ಲಿ ಅಳೆದರೆ ಸಾಲದು, ಕೊನೆಯ ತೂಬಿನ ಬಳಿ ನಿಂತು ಅಳೆಯಬೇಕು. ಹಿಂದೆ ಕೆರೆಗಳಿಗೆ ನೀರಗಂಟಿ ಇರುತ್ತಿದ್ದ. ತೂಬು ತೆರೆಯುವವನು ಅವನೇ, ಏರಿಯಲ್ಲಿ ಇಲಿ ಬಿಲ ಕಂಡರೆ ಊರಿಗೆ ಹೇಳುವವನೂ ಅವನೇ, ಕೊನೆಯ ಗದ್ದೆಗೆ ನೀರು ಹೋಗದಿದ್ದರೆ ಬೈಸಿಕೊಳ್ಳುವವನೂ ಅವನೇ. ಗುಣಮಟ್ಟ, ಅಪಾಯ ಎರಡೂ ಒಬ್ಬ ಮನುಷ್ಯನ ಕೆಲಸವಾಗಿದ್ದವು, ಆ ಮನುಷ್ಯ ಊರಿನಲ್ಲೇ ಇರುತ್ತಿದ್ದ. ಜಾತಿ ವ್ಯವಸ್ಥೆ ಆ ಕೆಲಸದವರನ್ನು ಕೀಳಾಗಿ ನಡೆಸಿಕೊಂಡಿತು, ಅದನ್ನು ಮತ್ತೆ ತರಬೇಕೆಂದು ಯಾರೂ ಹೇಳಬಾರದು. ಆ ಹೊಣೆಗಾರಿಕೆಯನ್ನು ಮಾತ್ರ ಸರಿಯಾದ ಸಂಬಳ, ಗೌರವಗಳೊಂದಿಗೆ ನಾಲೆಗಳಿಗೆ ಮರಳಿ ತರಬೇಕು.

ಆದ್ದರಿಂದ ನನ್ನ ಕೋರಿಕೆ ಎರಡು. ಮೊದಲನೆಯದು ಇಲಾಖೆಗಳಿಗೆ: ಯಾವುದೇ ಕಾಮಗಾರಿಯ ಕೊನೆಯ ಬಿಲ್ಲು ಮಂಜೂರಾಗುವ ಮೊದಲು, ಇದು ಮುಂದೆ ಎಲ್ಲಿ ಕೆಡಬಹುದು, ಯಾರಿಗೆ ಅಪಾಯ, ಯಾರು ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ಆ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಒಂದು ಪ್ರತಿ ಪಂಚಾಯಿತಿಯಲ್ಲಿ ಉಳಿಯಬೇಕು. ಎರಡನೆಯದು ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ಮತ್ತು ಅವರ ಅಧ್ಯಾಪಕರಿಗೆ. ನಿಮ್ಮ ಅಂತಿಮ ವರ್ಷದ ಪ್ರಾಜೆಕ್ಟಿಗೆ ದೂರದ ವಿಷಯ ಹುಡುಕಬೇಡಿ. ನಿಮ್ಮ ತಾಲ್ಲೂಕಿನ ನಾಲೆಯ ದಂಡೆಯ ಮೇಲೆ ನಡೆಯಿರಿ. ತಡೆಗೋಡೆಯಿಲ್ಲದ ತಿರುವು, ಮೆಟ್ಟಿಲಿಲ್ಲದ ಲೈನಿಂಗ್, ಮುರಿದ ಸೇತುವೆ ಕಟಕಟೆ, ನೀರು ತಲುಪದ ತೂಬು, ಎಲ್ಲವನ್ನೂ ನಕ್ಷೆಯ ಮೇಲೆ ಗುರುತಿಸಿ ಸ್ಥಳದ ಹೆಸರಿನೊಂದಿಗೆ ಪಟ್ಟಿ ಮಾಡಿ. ಮುಂದಿನ ಮುಂಗಾರಿಗೆ ನಾಲೆಗೆ ನೀರು ಬಿಡುವ ಮೊದಲು ಆ ಪಟ್ಟಿಯನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕು ಪಂಚಾಯಿತಿಗಳಿಗೆ ಕೈಯಾರೆ ಕೊಟ್ಟು ಸ್ವೀಕೃತಿ ಪಡೆಯಿರಿ.